ಮಂಡೂರಿನ ಗುಡ್ಡ, ಅಡುಗೆಮನೆಯ ಬುಟ್ಟಿ: ಬೆಂಗಳೂರಿನ ಹಸಿ ಕಸದ ಪ್ರಕರಣ

ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆಗೆ ಹೋಗುವಾಗ ಬೂದಿಗೆರೆ ಕ್ರಾಸ್ ಸಿಗುತ್ತದೆ. ಮಂಡೂರು ಇರುವುದು ಆ ಭಾಗದಲ್ಲಿ. ಬೆಂಗಳೂರಿನಲ್ಲಿ ಒಲೆ ಹಚ್ಚಿದವರಿಗೆಲ್ಲ ಒಂದು ಕಾಲಕ್ಕೆ ಈ ಊರಿನ ಜೊತೆ ಸಂಬಂಧವಿತ್ತು. ಆದರೆ ಹಾಗೊಂದು ಊರಿದೆ ಎಂದು ಗೊತ್ತಿದ್ದವರು ಕಡಿಮೆ. ನಗರದ ತಿಪ್ಪೆಯ ದೊಡ್ಡ ಪಾಲು ಲಾರಿಗಟ್ಟಲೆ ಹೋಗಿ ಬೀಳುತ್ತಿದ್ದುದು ಅಲ್ಲಿ. ಬಾವಿ, ಕೊಳವೆಬಾವಿಯ ನೀರು ಕೆಟ್ಟಿತು, ಅನ್ನದ ತಟ್ಟೆಯ ಮೇಲೆ ನೊಣ ಮುತ್ತಿಕೊಳ್ಳುತ್ತಿತ್ತು, ಗುಡ್ಡಕ್ಕೆ ಆಗಾಗ ಬೆಂಕಿ ಬಿದ್ದು ಹೊಗೆ ಊರೊಳಗೆ ನುಗ್ಗುತ್ತಿತ್ತು. 2014ರ ಮಧ್ಯಭಾಗದಲ್ಲಿ ಊರವರು ಲಾರಿಗಳಿಗೆ ಅಡ್ಡ ನಿಂತರು. ಸರ್ಕಾರ ಕಾಲಾವಕಾಶ ಕೇಳಿ, ಕೊನೆಗೆ ಆ ವರ್ಷದ ಡಿಸೆಂಬರ್ 1ರಿಂದ ಮಂಡೂರಿಗೆ ಕಸ ಸಾಗಿಸುವುದನ್ನು ನಿಲ್ಲಿಸಿತು.

ಮನೆಯ ಕಸ ಕಡಿಮೆ ಮಾಡುವುದು ಹೇಗೆ ಎಂದು ಕೇಳಿದರೆ ಬಟ್ಟೆ ಚೀಲ, ಬಿದಿರಿನ ಬ್ರಶ್ಶು, ಸ್ಟೀಲ್ ಸ್ಟ್ರಾ ಎಂದು ಪಟ್ಟಿ ಹಿಡಿದು ಬರುವವರು ಬೇಕಾದಷ್ಟು ಜನ ಇದ್ದಾರೆ. ಆ ಪಟ್ಟಿಯ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಬೆಂಗಳೂರಿನ ಪ್ರಕರಣವನ್ನು 2012ರಿಂದ ಈಚೆಗೆ ನೋಡುತ್ತ ಬಂದವರಿಗೆ ಒಂದು ಮಾತು ಕಾಣದೇ ಇರುವುದಿಲ್ಲ: ಹಸಿ ಕಸ ಬೇರೆಯಾಗದ ಮನೆಯಲ್ಲಿ ಬಿದಿರಿನ ಬ್ರಶ್ಶಿಟ್ಟುಕೊಂಡು ಆಗುವುದು ಬಹಳ ಕಡಿಮೆ. ಹಸಿಯೊಂದನ್ನು ಬೇರೆ ಇಟ್ಟರೆ ಉಳಿದಿದ್ದೆಲ್ಲ ತಂತಾನೇ ಹಗುರಾಗುತ್ತ ಹೋಗುತ್ತದೆ. ನಗರ ಇದನ್ನು ಕಲಿತದ್ದು ಪರಿಸರ ಪ್ರೇಮದಿಂದಲ್ಲ, ಕಸ ಸುರಿಯಲು ಜಾಗವಿಲ್ಲದೆ ಸಿಕ್ಕಿಬಿದ್ದದ್ದರಿಂದ.

2012: ದಾರಿ ಮುಚ್ಚಿದ ವರ್ಷ

ಮಂಡೂರಿಗೆ ಅಷ್ಟು ಒತ್ತಡ ಬಿದ್ದದ್ದು ಮಾವಳ್ಳಿಪುರ ಮುಚ್ಚಿದ ಮೇಲೆ. ಯಲಹಂಕ, ಹೆಸರಘಟ್ಟದ ನಡುವಿನ ಈ ಹಳ್ಳಿಯ ಪಕ್ಕದ ಭೂಭರ್ತಿ ಕೇಂದ್ರವನ್ನು (ಕಸ ಸುರಿದು ಹೂಳುವ ಜಾಗವನ್ನು) 2012ರ ಜುಲೈನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚಿಸಿತು. ಅಲ್ಲೂ ಅದೇ ಕಥೆ: ಕೆರೆಗೆ ಇಳಿಯುತ್ತಿದ್ದ ಕಪ್ಪು ನೀರು, ನಾಯಿಗಳ ಹಿಂಡು, ಊರವರ ಪ್ರತಿಭಟನೆ. ಆ ಮಳೆಗಾಲದಲ್ಲಿ ಬೆಂಗಳೂರಿನ ಮೂಲೆ ಮೂಲೆಯಲ್ಲಿ ಕಸ ರಾಶಿ ಬಿತ್ತು. ‘ಉದ್ಯಾನ ನಗರಿ’ಯ ಗಬ್ಬು ವಾಸನೆ ವಿದೇಶಿ ಪತ್ರಿಕೆಗಳವರೆಗೂ ಹೋಯಿತು. ನಗರದಲ್ಲಿ ದಿನಕ್ಕೆ ನಾಲ್ಕು ಸಾವಿರ ಟನ್ನಿನ ಆಸುಪಾಸು ಕಸ ಹುಟ್ಟುತ್ತಿದ್ದ ಕಾಲ ಅದು. ಈಗ ಐದು ಸಾವಿರ ದಾಟಿದೆ.

2012ರ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯ ಎಂದು ಪಾಲಿಕೆ ಸಾರಿತು. ಕರಪತ್ರ ಬಂತು, ಆಟೋದಲ್ಲಿ ಮೈಕು ಬಂತು, ಕೆಲವು ಕಡೆ ಎರಡು ಬಣ್ಣದ ಬುಟ್ಟಿಗಳೂ ಬಂದವು. ಬೇರ್ಪಡಿಸಿ ಕೊಟ್ಟವರ ಕಣ್ಣೆದುರೇ ಎರಡನ್ನೂ ಒಂದೇ ಗಾಡಿಗೆ ಸುರಿದದ್ದೂ ಆಯಿತು. ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ಕಸದ ಮಾತೆತ್ತಿ ನೋಡಿ. ‘ನಾವು ಬೇರೆ ಮಾಡಿ ಕೊಡ್ತೀವಿ, ಅವರು ಒಟ್ಟಿಗೆ ಹಾಕ್ತಾರೆ’ ಎನ್ನುವ ಮಾತು ಎರಡನೇ ವಾಕ್ಯಕ್ಕೇ ಬರುತ್ತದೆ. ಅದು ಕುಂಟುನೆಪವೂ ಹೌದು, ನಿಜವೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ.

ಹಸಿಯೇ ಯಾಕೆ?

ನಮ್ಮ ಮನೆಗಳ ಕಸದಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ಅಡುಗೆಮನೆಯದೇ. ಬೆಂಗಳೂರಿಗೆ ಸಾಮಾನ್ಯವಾಗಿ ಹೇಳುವುದು ಶೇ. 60ರ ಲೆಕ್ಕ. ಯೂರೋಪಿನ ಮನೆಗಳಲ್ಲಿ ಪೊಟ್ಟಣ, ಡಬ್ಬಿ, ಕಾಗದದ ಪಾಲು ಜಾಸ್ತಿ. ನಮ್ಮಲ್ಲಿ ಸೊಪ್ಪು ಬಿಡಿಸಿ, ಕಾಯಿ ತುರಿದು, ತರಕಾರಿ ಹೆಚ್ಚಿ ದಿನಾ ಅಡುಗೆ ಮಾಡುವವರೇ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಅವರೆಕಾಯಿ ಬರುವಾಗ ನೋಡಬೇಕು: ಒಂದು ಪಾತ್ರೆ ಹಿತಕಿದ ಬೇಳೆಗೆ ಒಂದು ಬುಟ್ಟಿ ಸಿಪ್ಪೆ. ಆ ಎರಡು ತಿಂಗಳು ನಗರದ ಹಸಿ ಕಸಕ್ಕೆ ಸುಗ್ಗಿಯೇ ಸರಿ.

ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರು. ಅದನ್ನು ಲಾರಿಯಲ್ಲಿ ಹೊತ್ತು ಇಪ್ಪತ್ತೈದು ಕಿಲೋಮೀಟರ್ ಸಾಗಿಸುವುದೆಂದರೆ ಡೀಸೆಲ್ ಸುಟ್ಟು ನೀರು ಸಾಗಿಸಿದಂತೆ. ಸಾಗಿಸುವಾಗಲೇ ಅದು ಸೋರುತ್ತದೆ. ಕಸವನ್ನು ಒತ್ತಿ ತುಂಬಿಕೊಳ್ಳುವ ಕಾಂಪ್ಯಾಕ್ಟರ್ ಗಾಡಿ ಹೋದ ದಾರಿಯಲ್ಲಿ ಕಪ್ಪು ಗೆರೆ ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ಲೀಚೇಟ್ ಎನ್ನುವುದು ಅದನ್ನೇ. ಗುಂಡಿಯಲ್ಲಿ ಗಾಳಿಯಾಡದೆ ಒತ್ತಿಬಿದ್ದ ಹಸಿ ಕಸ ಕೊಳೆತು ಮೀಥೇನ್ ಹೊರಡಿಸುತ್ತದೆ. ಮಂಡೂರಿನಂಥ ಗುಡ್ಡಗಳಿಗೆ ಯಾರೂ ಕಡ್ಡಿ ಗೀರದೆಯೂ ಬೆಂಕಿ ಹತ್ತಿಕೊಳ್ಳುವುದರ ಹಿಂದೆ ಆ ಅನಿಲವಿರುತ್ತದೆ. ಅಂತರ್ಜಲ ಕೆಡಿಸುವುದೂ ಅದೇ ಕಪ್ಪು ನೀರು. ಪ್ಲಾಸ್ಟಿಕ್ಕು, ಬ್ಯಾಟರಿ, ಬಣ್ಣದ ಡಬ್ಬಿಗಳ ವಿಷವನ್ನು ಕರಗಿಸಿಕೊಂಡು ಮಣ್ಣಿಗಿಳಿಸುವ ವಾಹನ ಅದು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಮಿಕ್ಕ ಸಾರು ತಾಗಿದ ರಟ್ಟನ್ನು ಗುಜರಿಯವನು ಮುಟ್ಟುವುದಿಲ್ಲ. ಮೊಸರನ್ನದ ಜೊತೆ ಬಿದ್ದ ದಿನಪತ್ರಿಕೆ ಸತ್ತ ಹಾಗೆ. ಹಸಿ ಕಸದೊಳಗೆ ಒಡೆದ ಗಾಜು, ಬ್ಲೇಡು, ಡೈಪರ್ ಸೇರಿದರೆ ಅದು ಗೊಬ್ಬರವಾಗುವುದಿಲ್ಲ. ಎರಡು ಉಪಯುಕ್ತ ವಸ್ತುಗಳನ್ನು ಬೆರೆಸಿ ಒಂದು ನಿರುಪಯುಕ್ತ ವಸ್ತು ಮಾಡುವ ಕೆಲಸ ಸಿಂಕಿನ ಕೆಳಗಿನ ಆ ಒಂದೇ ಬುಟ್ಟಿಯಲ್ಲಿ ದಿನಾ ನಡೆಯುತ್ತದೆ. ಆಮೇಲೆ ಕೋಟಿಗಟ್ಟಲೆ ಸುರಿದು ಯಂತ್ರ ತಂದು ಜರಡಿ ಹಿಡಿದರೂ ಅದನ್ನು ಪೂರ್ತಿ ಬಿಡಿಸಲು ಬರುವುದಿಲ್ಲ.

ಇದಕ್ಕೆ ಪುರಾವೆ ನಗರದೊಳಗೇ ಇತ್ತು. ಎಚ್‌.ಎಸ್‌.ಆರ್. ಬಡಾವಣೆಯ ಪಕ್ಕ, ಕೂಡ್ಲು ಕಡೆ, 1975ರಲ್ಲಿ ಶುರುವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವಿದೆ. ಜನ ಕೆ.ಸಿ.ಡಿ.ಸಿ. ಎನ್ನುತ್ತಾರೆ. ನಗರದ ಕಸದಿಂದ ಗೊಬ್ಬರ ಮಾಡಿ ರೈತರಿಗೆ ಕೊಡುವ ಯೋಚನೆ ಬೆಂಗಳೂರಿಗೆ ಆಗಲೇ ಇತ್ತು. ಮಂಡೂರು ಬಾಗಿಲು ಹಾಕಿದಾಗ ಕೆ.ಸಿ.ಡಿ.ಸಿ.ಯ ಮೇಲೆ ಹೊರೆ ಹೇರಲಾಯಿತು, ಜೊತೆಗೆ ನಗರದ ಅಂಚಿನಲ್ಲಿ ಚಿಕ್ಕನಾಗಮಂಗಲ, ಕನ್ನಹಳ್ಳಿ, ಸೀಗೇಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ ಮೊದಲಾದೆಡೆ ಸಂಸ್ಕರಣಾ ಘಟಕಗಳು ಎದ್ದವು. ಒಂದೊಂದರ ಸುತ್ತಲೂ ವಾಸನೆಯ ದೂರು, ಧರಣಿ. ಹೊರಗಿನಿಂದ ನೋಡಿದವರಿಗೆ ಇದು ‘ನಮ್ಮ ಹಿತ್ತಿಲಲ್ಲಿ ಬೇಡ’ ಎನ್ನುವ ಜನರ ಹಟ ಅನ್ನಿಸಬಹುದು. ಆದರೆ ಶುದ್ಧ ಹಸಿ ಕಸಕ್ಕೆಂದು ಕಟ್ಟಿದ ಘಟಕಕ್ಕೆ ಮಿಶ್ರ ಕಸ ಬಂದು ಬಿದ್ದರೆ, ಗೊಬ್ಬರವಾಗದ ರಾಶಿ ಅಂಗಳದಲ್ಲೇ ಉಳಿದು ನಾರುತ್ತದೆ. ಲಿಂಗಧೀರನಹಳ್ಳಿಯವರು ಮೂಗು ಮುಚ್ಚಿಕೊಳ್ಳಬೇಕಾದ್ದಕ್ಕೆ ಕಾರಣ ನಗರದ ನಡುವಿನ ಯಾವುದೋ ಅಡುಗೆಮನೆಯಲ್ಲಿತ್ತು.

ಎರಡು ಬುಟ್ಟಿ, ಒಂದು ಚೀಲ

2012ರಲ್ಲಿ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳನ್ನು ನ್ಯಾಯಮೂರ್ತಿ ಎನ್. ಕುಮಾರ್ ನೇತೃತ್ವದ ವಿಭಾಗೀಯ ಪೀಠ ವರ್ಷಗಟ್ಟಲೆ ಬೆನ್ನು ಬಿಡದೆ ವಿಚಾರಿಸಿತು. ವಾರ್ಡ್ ಮಟ್ಟದಲ್ಲೇ ಕಸದ ವಿಲೇವಾರಿಯಾಗಬೇಕು, ಒಣ ಕಸ ಸಂಗ್ರಹ ಕೇಂದ್ರಗಳಿರಬೇಕು ಎಂಬ ನಿರ್ದೇಶನಗಳು ಬಂದವು. 2015ರ ಡಿಸೆಂಬರ್‌ನಲ್ಲಿ ಬಂದ ಆದೇಶ ಮನೆಯೊಳಗಿನ ವ್ಯವಸ್ಥೆಯನ್ನೇ ಹೇಳಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡ್, ಡೈಪರ್‌ನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಮತ್ತೆ ಮತ್ತೆ ಬಳಸಬಹುದಾದ ಒಂದು ಚೀಲ. ಇದು ನ್ಯಾಯಾಧೀಶರು ಹೊಸದಾಗಿ ಕಂಡುಹಿಡಿದದ್ದಲ್ಲ. ನಗರದ ಬಡಾವಣೆ, ಅಪಾರ್ಟ್‌ಮೆಂಟುಗಳಲ್ಲಿ ಸ್ವಯಂಸೇವಕರು, ಅವರಲ್ಲಿ ಹೆಚ್ಚಿನವರು ಗೃಹಿಣಿಯರು, ತಮ್ಮಲ್ಲೇ ನಡೆಸಿ ನೋಡಿ ಗಟ್ಟಿ ಮಾಡಿಕೊಂಡಿದ್ದ ಪದ್ಧತಿ. ಮರುವರ್ಷ, 2016ರ ಏಪ್ರಿಲ್‌ನಲ್ಲಿ, ಕೇಂದ್ರದ ಘನ ತ್ಯಾಜ್ಯ ನಿಯಮಗಳು ಬಂದು ದೇಶಕ್ಕೆಲ್ಲ ಮೂಲದಲ್ಲೇ ವಿಂಗಡಣೆ ಕಡ್ಡಾಯವಾಯಿತು.

ಈ ಪದ್ಧತಿಯ ಜಾಣತನ ಇರುವುದು ಒಂದು ಸಣ್ಣ ವಿಷಯದಲ್ಲಿ: ಹಸಿರು ಬುಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕುವಂತಿಲ್ಲ. ಅದಕ್ಕೆ ಮುಂಚೆ ಕಸವೆಂದರೆ ಗಂಟು ಕಟ್ಟಿದ ಕಪ್ಪು ಕವರು. ಒಳಗೇನಿದೆ ಎಂದು ಪೌರಕಾರ್ಮಿಕರಿಗೆ ಗೊತ್ತಾಗುತ್ತಿರಲಿಲ್ಲ, ಬಿಚ್ಚಿದರೆ ಕೈಗೆ ಗಾಜು ಚುಚ್ಚುತ್ತಿತ್ತು. ಬೀದಿ ಹಸು ಮಾತ್ರ ಬಿಚ್ಚದೆ ಕವರು ಸಮೇತ ನುಂಗುತ್ತಿತ್ತು. ಕವರಿಲ್ಲದ ಬುಟ್ಟಿಯಲ್ಲಿ ಮುಚ್ಚಿಡಲು ಏನೂ ಇಲ್ಲ, ಗಾಡಿಗೆ ಸುರಿಯುವಾಗ ಇಡೀ ಬೀದಿಗೆ ಕಾಣುತ್ತದೆ.

ಜನ ಹೆಚ್ಚು ಗೊಣಗಿದ್ದೂ ಅದಕ್ಕೇ. ಬುಟ್ಟಿ ತೊಳೆಯುವುದು ಯಾರು? ಉತ್ತರ ಸುಲಭ. ಬುಟ್ಟಿ ಗಲೀಜಾಗುವುದು ಸಿಪ್ಪೆಯಿಂದಲ್ಲ, ನೀರಿನಿಂದ. ಸಿಂಕಿನಲ್ಲಿ ಒಂದು ತೂತಿನ ಬಟ್ಟಲಿಟ್ಟು, ಮುಸುರೆ ಅದರಲ್ಲಿ ಬಸಿದ ಮೇಲೆ ಬುಟ್ಟಿಗೆ ಹಾಕಿದರೆ, ಬುಟ್ಟಿಯ ತಳಕ್ಕೆ ಒಂದು ಹಾಳೆ ಪೇಪರ್ ಹಾಸಿದರೆ, ತೊಳೆಯುವ ಕೆಲಸ ಅರ್ಧ ನಿಮಿಷದ್ದು. ಹಳ್ಳಿ ಮನೆಗಳಲ್ಲಿ ಅಕ್ಕಿ ತೊಳೆದ ನೀರು, ಸಿಪ್ಪೆ, ಮಿಕ್ಕ ಅನ್ನ ಎಲ್ಲ ಕಲಗಚ್ಚಿನ ಪಾತ್ರೆಗೆ ಹೋಗಿ ಅಲ್ಲಿಂದ ಹಸುವಿನ ಹೊಟ್ಟೆ ಸೇರುತ್ತಿತ್ತು. ಆ ಪಾತ್ರೆಗೆ ಪ್ಲಾಸ್ಟಿಕ್ಕು ಬಿದ್ದರೆ ಮನೆಯಲ್ಲಿ ರಂಪವೇ ಆಗುತ್ತಿತ್ತು. ನಗರಕ್ಕೆ ಬಂದ ಮೇಲೆ ಹಸು ಹೋಯಿತು, ಜೊತೆಗೆ ಆ ಎಚ್ಚರವೂ ಹೋಯಿತು.

ಮನೆಯಲ್ಲೇ ಮುಗಿಸಿದರೆ

ಬೇರ್ಪಡಿಸಿ ಕೊಡುವುದಕ್ಕಿಂತ ಒಂದು ಹೆಜ್ಜೆ ಮುಂದಿನದು ಹಸಿಯನ್ನು ಮನೆಯಿಂದ ಹೊರಗೇ ಕಳಿಸದಿರುವುದು. ಇಲ್ಲೂ ಬೆಂಗಳೂರಿಗೆ ಒಂದು ಪರಂಪರೆ ಇದೆ. ವಿನ್ಯಾಸಕಿ ಪೂನಂ ಬೀರ್ ಕಸ್ತೂರಿ 2006ರಲ್ಲಿ ಶುರು ಮಾಡಿದ ‘ಡೈಲಿ ಡಂಪ್’, ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆಗಳ ‘ಕಂಬ’ವನ್ನು ನಗರದ ಬಾಲ್ಕನಿಗಳಿಗೆ ತಂದಿತು. ಎಚ್‌.ಎಸ್‌.ಆರ್. ಬಡಾವಣೆಯಲ್ಲಿ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ ಎಂಬ ಜಾಗವೇ ಇದೆ. ನಾನಾ ಬಗೆಯ ಗೊಬ್ಬರದ ಡಬ್ಬಿ, ಗುಂಡಿ, ಬುಟ್ಟಿಗಳನ್ನು ಒಂದೇ ಕಡೆ ನೋಡಿ, ಮುಟ್ಟಿ, ಮೂಸಿ ಕಲಿಯಬಹುದು. ಮೂಸುವುದು ಮುಖ್ಯ, ಯಾಕೆಂದರೆ ಗೊಬ್ಬರದ ವಿಷಯದಲ್ಲಿ ಜನ ಹಿಂಜರಿಯುವುದು ವಾಸನೆಗೆ.

ಮಡಕೆ ಕೊಳ್ಳಲೇಬೇಕೆಂದಿಲ್ಲ. ಹಳೆಯ ಪೇಂಟ್ ಬಕೆಟ್ಟನ್ನು ಚೆನ್ನಾಗಿ ತೊಳೆದು, ಸುತ್ತ ಮತ್ತು ತಳದಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಒಂದು ತಟ್ಟೆಯ ಮೇಲೆ ಇಟ್ಟಿಗೆ ಕೊಟ್ಟು ಕೂರಿಸಿದರೂ ಸಾಕು. ತಳಕ್ಕೆ ನಾಲ್ಕು ಬೆರಳು ಒಣ ಎಲೆ. ಅದರ ಮೇಲೆ ದಿನದ ಸಿಪ್ಪೆ, ಸಣ್ಣದಾಗಿ ಕತ್ತರಿಸಿದ್ದರೆ ಒಳ್ಳೆಯದು. ಅದರ ಮೇಲೆ ಮತ್ತೆ ಒಂದೆರಡು ಹಿಡಿ ಒಣ ಎಲೆಯ ಪುಡಿಯೋ ತೆಂಗಿನ ನಾರಿನ ಪುಡಿಯೋ. ಮೊದಲ ಸಲ ಒಂದು ಲೋಟ ಹುಳಿ ಮಜ್ಜಿಗೆಗೆ ಚೂರು ಬೆಲ್ಲ ಕದಡಿ ಚಿಮುಕಿಸುವುದುಂಟು, ಸಗಣಿ ನೀರು ಸಿಕ್ಕರೆ ಇನ್ನೂ ಸರಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಬೇಕು. ಕೆಲವು ದಿನ ಹೋದ ಮೇಲೆ ನಡುವೆ ಕೈ ಇಟ್ಟರೆ ಬಿಸಿ ತಾಗುತ್ತದೆ. ಸೂಕ್ಷ್ಮಜೀವಿಗಳು ಕೆಲಸಕ್ಕಿಳಿದಿವೆ ಎಂದು ಅರ್ಥ.

ಕೆಟ್ಟರೆ ಮೂಗೇ ಹೇಳುತ್ತದೆ. ಚರಂಡಿಯ ವಾಸನೆ ಬಂದರೆ ನೀರು ಜಾಸ್ತಿಯಾಗಿ ಒಳಗೆ ಗಾಳಿಯಿಲ್ಲ. ಒಣ ಎಲೆ ಸೇರಿಸಿ ಕೆದಕಿ. ಮೂಗಿಗೆ ಚುರ್ರೆನ್ನುವ ಅಮೋನಿಯಾ ವಾಸನೆ ಬಂದರೆ ಹಸಿ ಸಿಪ್ಪೆ, ಸೊಪ್ಪು ಹೆಚ್ಚಾಗಿದೆ. ಅದಕ್ಕೂ ಒಣ ಎಲೆಯೇ ಮದ್ದು. ಅವರೆಕಾಯಿ ಕಾಲದಲ್ಲಿ ಇದು ಎಲ್ಲರಿಗೂ ಆಗುತ್ತದೆ. ಆ ಸಿಪ್ಪೆಯನ್ನು ಒಂದು ದಿನ ಬಿಸಿಲಿಗೆ ಹರವಿ ಬಾಡಿಸಿ ಹಾಕಬೇಕು. ಬಿಳಿಯ, ಆಮೇಲೆ ಕಂದು ಬಣ್ಣಕ್ಕೆ ತಿರುಗುವ ದಪ್ಪ ಹುಳುಗಳು ಕಂಡರೆ ಕಿರುಚಬೇಕಾಗಿಲ್ಲ. ಅವು ಸಾಮಾನ್ಯವಾಗಿ ಸೋಲ್ಜರ್ ನೊಣದ ಮರಿಗಳು, ಮನೆಯ ನೊಣವಲ್ಲ. ನಮಗಿಂತ ಚುರುಕಾಗಿ ಕಸ ಕರಗಿಸುತ್ತವೆ. ಅವನ್ನು ನೋಡಿ ಬಕೆಟ್ಟನ್ನೇ ಎಸೆದವರನ್ನು ನಾನು ಬಲ್ಲೆ. ಅವರ ಸಂಕಟವೂ ಅರ್ಥವಾಗುವಂಥದ್ದೇ.

ಒಣ ಎಲೆ ಎಲ್ಲಿಂದ ತರುವುದು ಎನ್ನುವವರಿಗೆ ಬೆಂಗಳೂರಿನಲ್ಲಿ ಉತ್ತರ ರಸ್ತೆಯಲ್ಲೇ ಇದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೊಂಗೆ, ಮಳೆಮರಗಳು ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುವುದು ಇನ್ನೂ ಪೂರ್ತಿ ನಿಂತಿಲ್ಲ. ಎರಡು ಗೋಣಿಚೀಲ ತುಂಬಿಟ್ಟುಕೊಂಡರೆ ಸಣ್ಣ ಮನೆಗೆ ತಿಂಗಳುಗಟ್ಟಲೆ ಬರುತ್ತದೆ. ಮಾವಿನ ಓಟೆ, ತೆಂಗಿನ ಚಿಪ್ಪು, ಸಂಕ್ರಾಂತಿಯ ಕಬ್ಬಿನ ಜಲ್ಲೆ ಇವನ್ನು ಬಕೆಟ್ಟಿಗೆ ಹಾಕಿದರೆ ವರ್ಷವಾದರೂ ಹಾಗೇ ಕಣ್ಣು ಬಿಟ್ಟುಕೊಂಡು ಕೂತಿರುತ್ತವೆ. ಹಾಕದಿರುವುದು ವಾಸಿ.

ಗೊಬ್ಬರಕ್ಕೂ ಮುಂಚಿನ ಕೆಲಸ ಸಿಪ್ಪೆಯನ್ನೇ ಕಡಿಮೆ ಮಾಡುವುದು. ಇದರಲ್ಲಿ ನಮಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಹೀರೆಕಾಯಿ ಸಿಪ್ಪೆಯ ಚಟ್ನಿ, ಕಿತ್ತಳೆ ಸಿಪ್ಪೆಯ ಗೊಜ್ಜು, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ ನಮ್ಮ ಅಡುಗೆಮನೆಗಳಲ್ಲಿ ಮೊದಲಿಂದ ಇದ್ದವೇ. ಇತ್ತೀಚೆಗೆ ಮೂರು ಪಾಲು ಸಿಪ್ಪೆಗೆ ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಕೊಳೆಹಾಕುವ ಬಯೋಎಂಜೈಮ್ ಬಹಳ ಪ್ರಚಾರದಲ್ಲಿದೆ. ನೆಲ ಒರೆಸಲು ಪರವಾಗಿಲ್ಲ. ಆದರೆ ಹಿಡಿಯಷ್ಟು ನಿಂಬೆ ಸಿಪ್ಪೆಗೆ ಬೆಲ್ಲ ಖರ್ಚು ಮಾಡಿ ಕೆರೆ ಶುದ್ಧವಾಯಿತು ಎಂದು ಹೇಳಿಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ.

ಚೀಲದೊಳಗಿನ ಸಂಗತಿ

ಹಸಿ ಹೊರಬಿದ್ದ ಮೇಲೆ ಉಳಿದ ಕಸ ನಾರುವುದಿಲ್ಲ. ವಾರ ಇಟ್ಟರೂ ತೊಂದರೆಯಿಲ್ಲ. ಒಣ ಕಸವನ್ನು ದಿನಾ ಕೊಡದೆ ವಾರಕ್ಕೆ ಎರಡು ದಿನ ಕೊಟ್ಟರೆ ಸಾಕು ಎನ್ನುವ ವ್ಯವಸ್ಥೆ ನಿಂತಿರುವುದು ಇದರ ಮೇಲೆ.

ಹಾಲಿನ ಕವರನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಹೆಚ್ಚುಕಡಿಮೆ ಪ್ರತಿ ಮನೆಯಲ್ಲಿ ದಿನಕ್ಕೆ ಒಂದಾದರೂ ಬರುತ್ತದೆ. ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ, ಕರಗಿಸಿ ಮತ್ತೆ ಬಳಸಬಹುದಾದ ಪ್ಲಾಸ್ಟಿಕ್ ಅದು. ಕತ್ತರಿಸಿ, ಒಂದು ಲೋಟ ನೀರಿನಲ್ಲಿ ಅಲುಬಿ (ಆ ನೀರು ಗಿಡಕ್ಕೆ), ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿದರೆ ಸಂಜೆ ಹೊತ್ತಿಗೆ ಒಣಗಿ ತಾನಾಗಿ ಉದುರುತ್ತದೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಿ ಬೀಳಿಸಬಾರದು, ಕವರಿಗೇ ಅಂಟಿಕೊಂಡಿರುವಂತೆ ಸೀಳಬೇಕು. ಉಗುರಿನಷ್ಟು ದೊಡ್ಡ ಆ ತ್ರಿಕೋನ ಯಾರ ಕೈಗೂ ಸಿಗುವುದಿಲ್ಲ. ಹಸಿ ಬುಟ್ಟಿಗೆ ಬಿದ್ದು, ಗೊಬ್ಬರಕ್ಕೆ ಸೇರಿ, ಹೊಲಕ್ಕೆ ಹೋಗುತ್ತದೆ. ಲಕ್ಷಗಟ್ಟಲೆ ಮನೆ, ದಿನಕ್ಕೊಂದು ತ್ರಿಕೋನ.

ಚಿಪ್ಸು, ಬಿಸ್ಕತ್ತಿನ ಹೊಳೆಯುವ ಪೊಟ್ಟಣಗಳ ಕಥೆ ಬೇರೆ. ಹಲವು ಪದರಗಳನ್ನು ಅಂಟಿಸಿ ಮಾಡಿದ ಅವನ್ನು ಬಿಡಿಸಲಾಗದು, ಗುಜರಿಯಲ್ಲಿ ಬೆಲೆಯೂ ಇಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತವೆ. ಇದನ್ನು ಚೀಲಕ್ಕೆ ಹಾಕಿ ‘ಮರುಬಳಕೆ’ ಎಂದು ಸಮಾಧಾನ ಪಟ್ಟುಕೊಳ್ಳುವುದಕ್ಕಿಂತ ಬೀದಿಯ ಕಾಂಡಿಮೆಂಟ್ಸ್ ಅಂಗಡಿಗೆ ಡಬ್ಬಿ ಹಿಡಿದುಕೊಂಡು ಹೋಗಿ ಚಕ್ಕುಲಿ, ಕೋಡುಬಳೆ ತರುವುದು ಲೇಸು. ರುಚಿಯೂ ಹೆಚ್ಚು. ಮನೆಯ ಸಮಾರಂಭಗಳಿಗೆ ‘ಅದಮ್ಯ ಚೇತನ’ ಸಂಸ್ಥೆಯವರ ಪ್ಲೇಟ್ ಬ್ಯಾಂಕಿನಂಥ ವ್ಯವಸ್ಥೆ ಇದೆ. ಸ್ಟೀಲ್ ತಟ್ಟೆ, ಲೋಟ ತಂದು ಊಟವಾದ ಮೇಲೆ ತಿರುಗಿಸಿದರಾಯಿತು. ನೂರು ಜನರ ನಾಮಕರಣಕ್ಕೆ ನೂರು ಪೇಪರ್ ಲೋಟ ಅಂತ ಲೆಕ್ಕ ಹಾಕಬೇಡಿ. ಬೆಂಗಳೂರಿನಲ್ಲಿ ಒಬ್ಬೊಬ್ಬರಿಗೆ ಮೂರು ಲೋಟ ಬೀಳುತ್ತವೆ.

ಚೀಲದ ಇನ್ನೊಂದು ತುದಿಯಲ್ಲಿ ಇರುವವರು ಚಿಂದಿ ಆಯುವವರು. ಪಾಲಿಕೆಗೆ ಬೇರ್ಪಡಿಸುವ ಬುದ್ಧಿ ಬರುವುದಕ್ಕೆ ದಶಕಗಳ ಹಿಂದಿನಿಂದ ಈ ನಗರದ ಒಣ ಕಸವನ್ನು ಆಯ್ದು, ಕೈಯಲ್ಲಿ ಮುಟ್ಟಿಯೇ ಪ್ಲಾಸ್ಟಿಕ್ಕಿನ ಜಾತಿ ಹೇಳಬಲ್ಲವರು ಇವರು. ದೇಶದಲ್ಲೇ ಮೊದಲ ಸಾಲಿನಲ್ಲಿ ಇವರಿಗೆ ಗುರುತಿನ ಚೀಟಿ ಕೊಟ್ಟ ಪಾಲಿಕೆ ಬೆಂಗಳೂರಿನದು. ‘ಹಸಿರು ದಳ’ ಎಂಬ ಸಂಸ್ಥೆ ಇವರನ್ನು ಸಂಘಟಿಸಿತು, ಹಲವು ವಾರ್ಡ್‌ಗಳ ಒಣ ಕಸ ಕೇಂದ್ರಗಳನ್ನು ಇವರೇ ನಡೆಸುವಂತಾಯಿತು. ತೊಳೆದು ಒಣಗಿಸಿದ ಕವರು ಇಂಥ ಕೇಂದ್ರಕ್ಕೆ ಹೋದರೆ ಒಬ್ಬರ ಕೂಲಿ, ಸಾರು ಮೆತ್ತಿದ್ದಾದರೆ ಅದೇ ಕವರು ಅವರಿಗೆ ಖರ್ಚು.

ಗಾಡಿಯ ಹತ್ತಿರ ಮುರಿಯುವ ಒಪ್ಪಂದ

‘ಅವರು ಒಟ್ಟಿಗೆ ಹಾಕ್ತಾರೆ’ ಎನ್ನುವ ದೂರಿಗೆ ಈಗ ಬರೋಣ. ಆಟೋ ಟಿಪ್ಪರ್ ಹಿಂದೆ ನಡೆಯುವ ಸಹಾಯಕನನ್ನು ಸ್ವಲ್ಪ ಹೊತ್ತು ನೋಡಿ. ಗಾಡಿಯ ಬದಿಗೆ ಎರಡು ಮೂರು ಗೋಣಿಚೀಲ ತೂಗುಹಾಕಿರುತ್ತಾನೆ. ಬಾಟಲಿ ಒಂದಕ್ಕೆ, ರಟ್ಟು ಒಂದಕ್ಕೆ, ಹಾಲಿನ ಕವರು ಇನ್ನೊಂದಕ್ಕೆ. ಮಾರಿದರೆ ಬರುವುದು ಅವನ ಕೈಖರ್ಚಿನ ಹಣ. ಅವನಿಗೆ ಬೇರ್ಪಡಿಸಿದ ಕಸ ಬೇಡವಾಗಿಲ್ಲ. ಆದರೆ ಒಂದು ಬೀದಿಯಲ್ಲಿ ನಾಲ್ಕೈದು ಮನೆಯವರು ಡೈಪರ್, ಸಾರು, ಬಾಟಲಿ ಒಂದೇ ಕವರಿನಲ್ಲಿ ಕೊಟ್ಟರೂ ಗಾಡಿಯ ಹಸಿ ಕಸವಷ್ಟೂ ಕೆಡುತ್ತದೆ. ತೆಗೆದುಕೊಳ್ಳುವುದಿಲ್ಲ ಎಂದರೆ ಆ ಕವರು ರಾತ್ರಿ ಟ್ರಾನ್ಸ್‌ಫಾರ್ಮರ್ ಕಂಬದ ಬುಡಕ್ಕೆ ಬರುತ್ತದೆ. ಬೆಳಿಗ್ಗೆ ಅದನ್ನು ಗುಡಿಸಬೇಕಾದವರೂ ಅವನ ಜೊತೆಯವರೇ. ಹಾಗಾಗಿ ಸುಮ್ಮನೆ ತೆಗೆದುಕೊಳ್ಳುತ್ತಾನೆ. ಮಿಶ್ರ ಗಾಡಿ ನೋಡಿದ ಉಳಿದ ಮನೆಯವರು ನಾವ್ಯಾಕೆ ಕಷ್ಟಪಡಬೇಕು ಎಂದು ಕೈ ಬಿಡುತ್ತಾರೆ.

ಈ ಸುತ್ತು ಮುರಿದ ಕಡೆಗಳಲ್ಲಿ ಸಾಮಾನ್ಯವಾಗಿ ಒಂದು ವಿಷಯ ಸಮನಾಗಿರುತ್ತದೆ: ಬೇಡ ಎನ್ನುವ ಅಧಿಕಾರ ಗಾಡಿಯವನಿಗಿರುತ್ತದೆ, ಅವನ ಬೆನ್ನಿಗೆ ಬೀದಿಯ ಯಾರಾದರೂ ನಿಂತಿರುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಇದು ಬೇಗ ಸಾಧ್ಯವಾಯಿತು, ಯಾಕೆಂದರೆ ಸಂಘವಿದೆ, ಗೇಟಿದೆ, ಯಾವ ಮನೆಯ ಬುಟ್ಟಿ ಎಂದು ಗೊತ್ತಾಗುತ್ತದೆ. ಬಿಡಿ ಮನೆಗಳ ಬೀದಿಗಳಲ್ಲಿ, ಬಾಡಿಗೆದಾರರು ವರ್ಷಕ್ಕೊಮ್ಮೆ ಬದಲಾಗುವ ಕಡೆ, ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಬರುವವರು ತುಂಬಿದ ಪಿ.ಜಿ.ಗಳ ನಡುವೆ ಕಷ್ಟ. ಗಾಡಿ ಬರುವ ಹೊತ್ತಿಗೆ ಅವರು ಬಸ್ಸಿನಲ್ಲಿರುತ್ತಾರೆ. ಅಂಥವರನ್ನು ಬೈದು ಪ್ರಯೋಜನವಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ತಂದು ಸುರಿಯುವ ಕಾರ್ಯಾಚರಣೆ ನಡೆಯಿತು. ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟಿದವರು ಬಹಳ. ಎಸೆಯದಿರಲು ಸಂಜೆ ಒಂದು ಗಾಡಿ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದವರು ಕಡಿಮೆ.

ಕೆಂಪು ಬುಟ್ಟಿ

ಮೂರನೆಯದಕ್ಕೆ ಇನ್ನೂ ಸರಿಯಾದ ಉತ್ತರವಿಲ್ಲ. ಪ್ಯಾಡು, ಡೈಪರ್‌ಗಳನ್ನು ಪೇಪರ್‌ನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಟ್ಟು ಬೇರೆ ಕೊಟ್ಟರೆ ಆಯುವವರ ಕೈಗೆ ಹೊಲಸು ತಾಗುವುದಿಲ್ಲ, ಅಷ್ಟು ಮಾತ್ರ ಮನೆಯವರ ಕೈಲಿದೆ. ಮುಟ್ಟಿನ ಕಪ್, ಬಟ್ಟೆಯ ಪ್ಯಾಡು, ಮಗುವಿಗೆ ಹಗಲು ಹೊತ್ತು ಬಟ್ಟೆಯ ಲಂಗೋಟಿ ಬಳಸುವವರು ಹೆಚ್ಚುತ್ತಿದ್ದಾರೆ. ಆದರೆ ಇದನ್ನು ಉಪದೇಶ ಮಾಡುವ ಮುಂಚೆ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು, ಒಣಹಾಕಲು ಬಿಸಿಲಿನ ಜಾಗ ಇದೆಯೇ ಎಂದು ನೋಡಬೇಕು. ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ಡೈಪರ್ ಬೇಡ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ದುಡ್ಡಿನ ಲೆಕ್ಕ

2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳು ಆಸ್ತಿ ತೆರಿಗೆಯ ಜೊತೆ ಕಸದ ಬಳಕೆದಾರ ಶುಲ್ಕ ಕಟ್ಟುತ್ತಿವೆ. ದರ ನಿಂತಿರುವುದು ಕಟ್ಟಡದ ವಿಸ್ತೀರ್ಣದ ಮೇಲೆ: 600 ಚದರ ಅಡಿಯವರೆಗೆ ತಿಂಗಳಿಗೆ 10 ರೂಪಾಯಿ, 1000ದಿಂದ 2000 ಚದರ ಅಡಿಗೆ 100, 4000 ದಾಟಿದರೆ 400. ದೊಡ್ಡ ಮನೆಯವರು ಹೆಚ್ಚು ಕೊಡಲಿ ಎನ್ನುವುದು ನ್ಯಾಯವೇ. ಆದರೆ ತಾರಸಿಯಲ್ಲಿ ಬಕೆಟ್ ಇಟ್ಟು ಗಾಡಿಗೆ ಒಂದು ಸಿಪ್ಪೆಯನ್ನೂ ಕೊಡದ ಮನೆಗೂ, ಎಲ್ಲವನ್ನೂ ಒಂದೇ ಕವರಿನಲ್ಲಿ ಗಂಟು ಕಟ್ಟಿ ಕೊಡುವ ಪಕ್ಕದ ಮನೆಗೂ ವಿಸ್ತೀರ್ಣ ಒಂದೇ ಆದರೆ ಶುಲ್ಕವೂ ಒಂದೇ.

ದಕ್ಷಿಣ ಕೊರಿಯಾ 2005ರಲ್ಲಿ ಆಹಾರದ ಕಸವನ್ನು ನೇರವಾಗಿ ಭೂಭರ್ತಿಗೆ ಹಾಕುವುದನ್ನು ನಿಷೇಧಿಸಿ, 2013ರಿಂದ ಕೊಟ್ಟಷ್ಟಕ್ಕೆ ದುಡ್ಡು ವಸೂಲಿ ಮಾಡುತ್ತಿದೆ. ಹಲವು ಅಪಾರ್ಟ್‌ಮೆಂಟುಗಳಲ್ಲಿ ಕಾರ್ಡು ತೋರಿಸಿದರೆ ಮುಚ್ಚಳ ತೆಗೆಯುವ, ತೂಕ ಹಿಡಿಯುವ ಡಬ್ಬಿಗಳಿವೆ. ನಮ್ಮ ಗಲ್ಲಿಗಳಿಗೆ ಆ ಯಂತ್ರ ಸದ್ಯಕ್ಕೆ ಹೊಂದುವುದಿಲ್ಲ, ಬೇಕಾಗಿಯೂ ಇಲ್ಲ. ಯಾವ ಮನೆ ಹಸಿ ಕಸ ಕೊಡುತ್ತದೆ, ಯಾವುದು ಕೊಡುವುದಿಲ್ಲ, ಯಾವುದು ಬೆರೆಸಿ ಕೊಡುತ್ತದೆ ಎನ್ನುವುದು ದಿನಾ ಬಾಗಿಲಿಗೆ ಬರುವ ಟಿಪ್ಪರ್ ಸಹಾಯಕನಿಗೆ ಬಾಯಿಪಾಠ. ಅವನ ಕೈಗೆ ಒಂದು ಪಟ್ಟಿ ಕೊಟ್ಟು, ವರ್ಷದ ಕೊನೆಗೆ ಹಸಿ ಕೊಡದ ಮನೆಗೆ ಶುಲ್ಕದಲ್ಲಿ ಅರ್ಧ ಬಿಟ್ಟು, ಬೆರೆಸಿದವರಿಂದ ದುಪ್ಪಟ್ಟು ವಸೂಲಿ ಮಾಡಿ, ಅದರಲ್ಲಿ ಒಂದು ಪಾಲು ಪಟ್ಟಿ ಹಿಡಿದವನಿಗೇ ಕೊಟ್ಟರೆ, ಜಾಗೃತಿಯ ಕರಪತ್ರ ಮುದ್ರಿಸುವ ಖರ್ಚಾದರೂ ಉಳಿಯುತ್ತದೆ.